ಎಂ.ಬಿ.ಯಲ್ಲಿ ಇಲ್ಲದ ಕಾಲಂ



ಈ ದತ್ತಿ ಉಪನ್ಯಾಸ ಒಬ್ಬ ಓವರ್‌ಸಿಯರ್ ಅವರ ನೆನಪಿನದು ಎಂದು ಫೋನಿನಲ್ಲಿ ಹೇಳಿದಾಗ ನಾನು ದಿನಾಂಕ ಕೂಡ ಕೇಳದೆ ಒಪ್ಪಿಕೊಂಡೆ. ದೊಡ್ಡವರ ಹೆಸರಿನ ದತ್ತಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಬಿಸಿಲಲ್ಲಿ ಟೇಪು ಹಿಡಿದು ನಿಂತವರ ಹೆಸರಿನಲ್ಲಿ ಇರುವುದು ಕಡಿಮೆ. ನನಗೆ ಅಳತೆ ಕಲಿಸಿದವರೂ ಒಬ್ಬ ಓವರ್‌ಸಿಯರೇ. ಆದ್ದರಿಂದ ಇವತ್ತಿನ ಮಾತನ್ನು ಅವರಿಂದಲೇ ಶುರು ಮಾಡುತ್ತೇನೆ.

1981ರ ಬೇಸಿಗೆ. ಎಂಜಿನಿಯರಾಗಿ ಕೆಲಸಕ್ಕೆ ಸೇರಿ ಇನ್ನೂ ತಿಂಗಳಾಗಿರಲಿಲ್ಲ. ಆಗ ಜಲ್ಲಿಯನ್ನು ಕೈಯಲ್ಲೇ ಒಡೆದು ರಸ್ತೆಯ ಪಕ್ಕ ರಾಶಿ ಹಾಕುತ್ತಿದ್ದರು. ಅಳತೆಯಾಗಿ ಎಂ.ಬಿ.ಯಲ್ಲಿ, ಅಂದರೆ ಮೆಷರ್‌ಮೆಂಟ್ ಬುಕ್ಕಿನಲ್ಲಿ ಏರಿದ ಮೇಲೆಯೇ ಒಂದು ಬಾಂಡ್ಲಿ ಜಲ್ಲಿ ರಸ್ತೆಗೆ ಬೀಳಬೇಕು. ಉದ್ದ ಬರೆದೆ, ಅಗಲ ಬರೆದೆ, ಎತ್ತರ ಬರೆದೆ, ಗುಣಿಸಿ ಸಹಿ ಹಾಕಲು ಹೊರಟೆ. ಓವರ್‌ಸಿಯರ್ ಕೈ ಹಿಡಿದರು. ಒಂದು ಹಿಡಿ ಜಲ್ಲಿ ಎತ್ತಿ ನನ್ನ ಅಂಗೈ ಮೇಲೆ ಸುರಿದು, ಕಲ್ಲು ಕಲ್ಲಿನ ನಡುವಿನ ಸಂದಿಯನ್ನು ಬೆರಳಿಟ್ಟು ತೋರಿಸಿದರು. “ರಾಶಿಯೊಳಗೆ ಕಲ್ಲು ಮಾತ್ರ ಇದೆಯಾ ಸಾರ್? ಗಾಳಿಗೂ ಸರ್ಕಾರದ ದುಡ್ಡು ಕೊಡ್ತೀರಾ? ಕಳೀರಿ.” ಸಂದಿಗೆಂದು ಇಷ್ಟು ಕಳೆದು, ‘ಡಿಡಕ್ಟ್’ ಎಂದು ಬರೆದು, ಉಳಿದದ್ದನ್ನು ಮಾತ್ರ ಬಿಲ್ಲಿಗೆ ತಂದೆ. ಗೋಡೆ ಅಳೆದರೆ ಬಾಗಿಲು ಕಿಟಕಿಗಳ ಜಾಗ ಕಳೆಯಬೇಕು. ಪುಟಕ್ಕೆ ನಂಬರು ಇರುತ್ತದೆ, ಹರಿಯುವ ಹಾಗಿಲ್ಲ. ತಪ್ಪಾದರೆ ಅಳಿಸುವ ಹಾಗಿಲ್ಲ, ಗೀಟು ಹೊಡೆದು ಸಹಿ ಮಾಡಬೇಕು. ಇಷ್ಟು ಕಟ್ಟುನಿಟ್ಟಾದ ಪುಸ್ತಕ ಸರ್ಕಾರದಲ್ಲಿ ಇನ್ನೊಂದಿಲ್ಲ ಎಂದು ಮೂವತ್ತೈದು ವರ್ಷ ನಂಬಿ ನಡೆದೆ.

ನಿವೃತ್ತನಾದ ಮೇಲೆ ಹೊಳೆದದ್ದು ಇಷ್ಟೇ. ಆ ಪುಸ್ತಕ ರಸ್ತೆಗೆ ಹಾಕಿದ್ದನ್ನು ಮಾತ್ರ ಅಳೆಯುತ್ತದೆ. ರಸ್ತೆಗಾಗಿ ತೆಗೆದದ್ದರಲ್ಲಿ ನಾವು ದುಡ್ಡು ಕೊಡಬೇಕಾದ ಮಣ್ಣು, ಬಂಡೆ ಬಿಟ್ಟರೆ ಉಳಿದದ್ದಕ್ಕೆ ಕಾಲಂ ಇಲ್ಲ. ಹೆದ್ದಾರಿಯ ಹಸಿರುತನವನ್ನು ಅಳೆಯುತ್ತೇವೆಂದು ಈಗ ಜಗತ್ತಿನ ಬೇರೆ ಬೇರೆ ಕಡೆ ಮಾಡಿಟ್ಟಿರುವ ಅಂಕಪಟ್ಟಿಗಳನ್ನು ಓದಿದಾಗ ಅವುಗಳಲ್ಲೂ ಅದೇ ಕಾಲಂ ಇಲ್ಲದ್ದು ಕಂಡಿತು.

ಅಂಕಪಟ್ಟಿ ಎಂದರೆ ಯಾವುದು? ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ‘ಗ್ರೀನ್‌ರೋಡ್ಸ್’ ಅನ್ನೇ ತೆಗೆದುಕೊಳ್ಳೋಣ. ಸುಮಾರು 2010ರ ಹೊತ್ತಿಗೆ ಅದು ಬಳಕೆಗೆ ಬಂತು. ನ್ಯೂಯಾರ್ಕ್ ರಾಜ್ಯದ ಸಾರಿಗೆ ಇಲಾಖೆ 2008ರಲ್ಲೇ ‘ಗ್ರೀನ್‌ಲೈಟ್ಸ್’ ಎಂಬುದನ್ನು ತಂದಿತ್ತು, 2012ರಲ್ಲಿ ಅಮೆರಿಕದ ಕೇಂದ್ರ ಹೆದ್ದಾರಿ ಆಡಳಿತ ‘ಇನ್ವೆಸ್ಟ್’ ತಂದಿತು, ಬ್ರಿಟನ್ನಿನಲ್ಲಿ ‘ಸೀಕ್ವಲ್’ ಇನ್ನೂ ಮೊದಲೇ ಇತ್ತು. ಎಲ್ಲವೂ ಒಂದೇ ಜಾತಿಯವು. ಕಟ್ಟಡಗಳಿಗೆ ಹಸಿರು ಸರ್ಟಿಫಿಕೇಟ್ ಕೊಡುವ ಪದ್ಧತಿಯನ್ನು ರಸ್ತೆಗೆ ಹೊಂದಿಸಿಕೊಂಡದ್ದು. ಗ್ರೀನ್‌ರೋಡ್ಸ್‌ನ ಮೊದಲ ಆವೃತ್ತಿಗಳಲ್ಲಿ 11 ಕಡ್ಡಾಯ ಷರತ್ತುಗಳು: ಪರಿಸರ ಪರಿಶೀಲನೆ, ಆಯುಷ್ಯದುದ್ದದ ವೆಚ್ಚದ ಲೆಕ್ಕ, ಗುಣಮಟ್ಟದ ಯೋಜನೆ, ಶಬ್ದ ತಗ್ಗಿಸುವ ಯೋಜನೆ, ಹೀಗೆ. ಅವು ದಾಟಿದ ಮೇಲೆ 108 ಐಚ್ಛಿಕ ಅಂಕಗಳು: ಪರಿಸರ ಮತ್ತು ನೀರಿಗೆ 21, ಜನರ ಓಡಾಟ ಮತ್ತು ಸಮಾನತೆಗೆ 30, ಕಾಮಗಾರಿಯ ನಡವಳಿಕೆಗೆ 14, ಸಾಮಗ್ರಿಗೆ 23, ರಸ್ತೆಯ ಹೊದಿಕೆಗೆ 20. ಹೊಸದೇನಾದರೂ ಮಾಡಿದರೆ ಇನ್ನೂ 10. 32 ಬಂದರೆ ಸರ್ಟಿಫಿಕೇಟ್, 64 ಬಂದರೆ ‘ಎವರ್‌ಗ್ರೀನ್’ ಎಂಬ ಮೇಲಿನ ದರ್ಜೆ.

ಪಟ್ಟಿ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ನಮ್ಮ ಎಸ್ಟಿಮೇಟುಗಳಲ್ಲಿ ಹೆಸರೇ ಇಲ್ಲದ ಎಷ್ಟೋ ಸಂಗತಿಗಳನ್ನು ಅದು ಕೆಲಸದ ಪಟ್ಟಿಗೆ ತಂದಿದೆ. ಆದರೆ ಒಳಗೆ ಇಣುಕಿ. ಕಾಡುಪ್ರಾಣಿಗಳ ದಾರಿ ಮುರಿಯದಂತೆ ಕಾಯ್ದರೆ 3ರವರೆಗೆ ಅಂಕ. ಡಾಂಬರು ಮಿಶ್ರಣವನ್ನು ತುಸು ಕಡಿಮೆ ಬಿಸಿಯಲ್ಲಿ ತಯಾರಿಸಿದರೆ, ಅಂದರೆ ವಾರ್ಮ್ ಮಿಕ್ಸ್ ಹಾಕಿದರೆ, 3 ಅಂಕ. ಟೈರಿನ ಸದ್ದು ಕಡಿಮೆ ಬರುವ ಹೊದಿಕೆ ಹಾಕಿದರೂ 3ರವರೆಗೆ ಅಂಕ. ಹತ್ತಿರದ ಕ್ವಾರಿಯಿಂದ ಜಲ್ಲಿ ತಂದರೆ 5ರವರೆಗೆ. ಆನೆಯ ದಾರಿ ಹೋಯಿತು, ಆದರೆ ಜಲ್ಲಿ ಹತ್ತಿರದಿಂದ ತಂದೆವು ಎಂದರೆ ಲೆಕ್ಕದಲ್ಲಿ ನಾವು ಗೆದ್ದಂತೆಯೇ. ಯಾಕೆಂದರೆ ಪಟ್ಟಿಯಲ್ಲಿ ಇರುವುದೆಲ್ಲ ಕೂಡುವ ಅಂಕಗಳು. ಕಳೆಯುವ ಅಂಕ ಒಂದೂ ಇಲ್ಲ. ನನ್ನ ಓವರ್‌ಸಿಯರ್ ಈ ರಾಶಿಯ ಮುಂದೆ ನಿಂತಿದ್ದರೆ ಏನು ಹೇಳುತ್ತಿದ್ದರೆಂದು ನಿಮಗೂ ಗೊತ್ತು.

ಬಂಡೀಪುರದ ಉದಾಹರಣೆ ನೋಡಿ. ಮೈಸೂರಿನಿಂದ ಗುಂಡ್ಲುಪೇಟೆ ದಾಟಿ ವಯನಾಡಿಗೂ ಊಟಿಗೂ ಹೋಗುವ ಹೆದ್ದಾರಿಗಳು ಹುಲಿ ಸಂರಕ್ಷಿತ ಪ್ರದೇಶವನ್ನು ಸೀಳಿಕೊಂಡು ಹೋಗುತ್ತವೆ. 2009ರಲ್ಲಿ ಚಾಮರಾಜನಗರ ಜಿಲ್ಲಾಡಳಿತ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿ ವಾಹನ ಸಂಚಾರ ನಿಲ್ಲಿಸಿತು. 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಂಬುಲೆನ್ಸು, ಎಣಿಕೆಯ ಕೆಲವು ಬಸ್ಸುಗಳಿಗೆ ಮಾತ್ರ ವಿನಾಯಿತಿ. ನನ್ನ ತಿಳಿವಳಿಕೆಯಲ್ಲಿ ಕರ್ನಾಟಕದ ಹೆದ್ದಾರಿಗಳ ಮೇಲೆ ನಡೆದ ಅತಿ ದೊಡ್ಡ ಪರಿಸರ ಕೆಲಸ ಇದೇ, ಮತ್ತು ಇದಕ್ಕೆ ಬೇಕಾದದ್ದು ಎರಡು ಕಡೆ ಗೇಟು, ಒಂದು ಬೀಗ. ಗೇಟು ಬೀಳುವುದಕ್ಕೆ ಮುಂಚೆ ಅಲ್ಲಿ ಒಮ್ಮೆ ನಿಂತು ನೋಡಿ. ಎಂಟೂಮುಕ್ಕಾಲಿಗೆ ಲಾರಿಗಳ ಹಾರನ್ನು, ತರಕಾರಿ ಜೀಪುಗಳ ಆತುರ. ಗೇಟು ಬಿದ್ದು ಅರ್ಧ ಗಂಟೆಯಲ್ಲಿ ಇಂಜಿನ್ನಿನ ಬಿಸಿ ಆರಿ, ಸಾಲುಗಟ್ಟಿ ನಿಂತ ಲಾರಿಯವರು ಸ್ಟೌ ಹಚ್ಚುವ ಹೊತ್ತಿಗೆ ಕಾಡಿನ ಕಡೆಯಿಂದ ಕೇಳುವುದು ಜೀರುಂಡೆ ಮಾತ್ರ.

ಈ ಗೇಟಿಗೆ ಗ್ರೀನ್‌ರೋಡ್ಸ್ ಎಷ್ಟು ಅಂಕ ಕೊಡುತ್ತದೆ? ರಸ್ತೆಯನ್ನು ಒಂಬತ್ತು ಗಂಟೆ ಬಳಸದೆ ಬಿಡುವುದಕ್ಕೆ ಅದರಲ್ಲಿ ಸಾಲೇ ಇಲ್ಲ. ಇಂಗಾಲವೊಂದನ್ನೇ ಅಳೆಯುವವರ ತಕ್ಕಡಿಯಲ್ಲಂತೂ ಇದು ನಷ್ಟದ ಬಾಬತ್ತು. ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೇಲೆ ಸುತ್ತಿ ಹೋಗುವ ಪರ್ಯಾಯ ದಾರಿ 30 ಕಿ.ಮೀ.ಗೂ ಹೆಚ್ಚು ಉದ್ದ. ಅಷ್ಟು ಡೀಸೆಲ್ ಹೆಚ್ಚು ಉರಿಯುತ್ತದೆ. ಎರಡೂ ಲೆಕ್ಕ ಸರಿಯೇ. ಆದರೆ ಒಂದೇ ಮೊಳಕೋಲಿನಲ್ಲಿ ಆನೆಯನ್ನೂ ಹೊಗೆಯನ್ನೂ ಅಳೆದು, ಬಂದ ಎರಡು ಸಂಖ್ಯೆ ಕೂಡಿ, ಇದೇ ಹಸಿರು ಎನ್ನುವುದು ಸರಿಯಲ್ಲ.

ಇಂಗಾಲದ ಮಾತು ಬಂತು. ಇಲ್ಲಿ ನಾನು ನಿಮ್ಮ ಮುಂದೆ ಒಂದು ಎಸ್ಟಿಮೇಟ್ ಇಡುತ್ತೇನೆ. ಅಂದಾಜಿನದು, ಆದರೆ ಗುಣಾಕಾರ ಯಾರು ಬೇಕಾದರೂ ಮಾಡಿ ನೋಡಬಹುದು. ಎರಡು ಪಥದ, 7 ಮೀ. ಅಗಲದ ಒಂದು ಕಿಲೋಮೀಟರ್ ಡಾಂಬರು ರಸ್ತೆ. ತಳದ ಜಿಎಸ್‌ಬಿ ಪದರ 10 ಮೀ. ಅಗಲಕ್ಕೆ 200 ಮಿ.ಮೀ. ದಪ್ಪ, ಅದರ ಮೇಲೆ ವೆಟ್‌ಮಿಕ್ಸ್ 250 ಮಿ.ಮೀ., ಮೇಲಿನ ಡಾಂಬರು ಪದರಗಳೆಲ್ಲ ಸೇರಿ 100 ಮಿ.ಮೀ. ತೂಕಕ್ಕೆ ತಂದರೆ ಸುಮಾರು 9,700 ಟನ್. 16 ಟನ್ ಹೊರುವ ಟಿಪ್ಪರಿನಲ್ಲಿ 600ಕ್ಕೂ ಹೆಚ್ಚು ಲೋಡು. ಕ್ರಷರ್ 40 ಕಿ.ಮೀ. ದೂರದಲ್ಲಿದ್ದರೆ ಹೋಗಿ ಬರಲು ಒಟ್ಟು 48,000 ಕಿ.ಮೀ. ಲೀಟರಿಗೆ ಮೂರೂವರೆ ಕಿ.ಮೀ. ಎಂದರೆ ಹದಿಮೂರು ಹದಿನಾಲ್ಕು ಸಾವಿರ ಲೀಟರ್ ಡೀಸೆಲ್. ಲೀಟರಿಗೆ 2.68 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹಿಡಿದರೆ ಸುಮಾರು 37 ಟನ್. ಕ್ರಷರ್ 10 ಕಿ.ಮೀ.ಯಲ್ಲೇ ಇದ್ದರೆ ಇದು 9 ಟನ್ನಿಗೆ ಇಳಿಯುತ್ತದೆ. ಹಾಟ್‌ಮಿಕ್ಸ್ ಪ್ಲಾಂಟಿನ ಬರ್ನರ್ ಟನ್ ಮಿಶ್ರಣಕ್ಕೆ ಏಳು ಲೀಟರ್ ಕುಡಿದರೆ ಅಲ್ಲಿ ಮೂವತ್ತು ಟನ್ನಿನ ಆಸುಪಾಸು. ವಾರ್ಮ್ ಮಿಕ್ಸ್ ಮಾಡಿದರೆ ಅದರಲ್ಲಿ ಆರೇಳು ಟನ್ ಉಳಿಯಬಹುದು. ಅಂದರೆ, ಸಮ್ಮೇಳನಗಳಲ್ಲಿ ಸ್ಲೈಡು ಹಾಕಿ ತೋರಿಸುವ ತಂತ್ರಜ್ಞಾನಕ್ಕಿಂತ ಕ್ರಷರ್ ಎಲ್ಲಿದೆ ಎನ್ನುವುದೇ ಇಲ್ಲಿ ದೊಡ್ಡದು. ಸಾಮಗ್ರಿ ಎಷ್ಟು ದೂರದಿಂದ ಬರುತ್ತದೆಂಬ ಲೀಡ್ ಚಾರ್ಟ್ ಬರೆಯುವ ಗುಮಾಸ್ತನಿಗೆ ಇದು ಮೊದಲೇ ಗೊತ್ತಿತ್ತು, ದುಡ್ಡಿನ ಲೆಕ್ಕದಲ್ಲಿ.

ಇದೇ ಕಿಲೋಮೀಟರನ್ನು ಕಾಂಕ್ರೀಟಿನಲ್ಲಿ ಮಾಡಿ. 300 ಮಿ.ಮೀ. ಚಪ್ಪಡಿ ಎಂದರೆ 2,100 ಘನ ಮೀಟರ್. ಘನ ಮೀಟರಿಗೆ 400 ಕೆ.ಜಿ. ಸಿಮೆಂಟಿನಂತೆ 840 ಟನ್. ಸುಣ್ಣದ ಕಲ್ಲನ್ನು ಸುಟ್ಟಾಗ ಅದರೊಳಗಿನ ಇಂಗಾಲವೇ ಹೊರಬೀಳುವುದರಿಂದ, ಕಾರ್ಖಾನೆಯಲ್ಲಿ ಎಷ್ಟೇ ಒಳ್ಳೆಯ ಕುಲುಮೆ ಇಟ್ಟರೂ ಅದನ್ನು ತಪ್ಪಿಸಲಾಗದು. ಟನ್ ಸಿಮೆಂಟಿಗೆ ಮುಕ್ಕಾಲು ಟನ್ ಎಂದು ಹಿಡಿದರೆ 630 ಟನ್. ಶೇ 30ರಷ್ಟು ಸಿಮೆಂಟಿನ ಜಾಗದಲ್ಲಿ ಹಾರುಬೂದಿ ಹಾಕಿದರೆ ಸುಮಾರು ನೂರ ತೊಂಬತ್ತು ಟನ್ ಉಳಿತಾಯ. ರಾಯಚೂರಿನ ಶಕ್ತಿನಗರದಲ್ಲಿ ಬೂದಿ ಇದೆ, ತೋರಣಗಲ್ಲಿನ ಕುಲುಮೆಗಳಲ್ಲಿ ಸ್ಲ್ಯಾಗ್ ಇದೆ. ಉಷ್ಣ ವಿದ್ಯುತ್ ಸ್ಥಾವರದಿಂದ 300 ಕಿ.ಮೀ. ಒಳಗಿನ ರಸ್ತೆ ಕಾಮಗಾರಿಗಳಲ್ಲಿ ಹಾರುಬೂದಿ ಬಳಸಬೇಕೆಂಬ ಕೇಂದ್ರದ ಅಧಿಸೂಚನೆ 2016ರಿಂದಲೇ ಇದೆ. ಆ 300 ಕಿ.ಮೀ. ಬೂದಿ ಹೊತ್ತು ಬರುವ ಟ್ಯಾಂಕರಿನ ಡೀಸೆಲ್ಲನ್ನು ಎಲ್ಲಿ ಬರೆಯುವುದು ಎಂಬ ಪ್ರಶ್ನೆ ಮತ್ತೆ ಬೇರೆ.

ಡಾಂಬರಿನವರು ಈಗ ನಗುತ್ತಿರಬಹುದು. ಸ್ವಲ್ಪ ತಡೆಯಿರಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ (ಐಆರ್‌ಸಿ) ಮಾರ್ಗಸೂಚಿಯಂತೆ ಹೆದ್ದಾರಿಯಲ್ಲಿ ಕಾಂಕ್ರೀಟಿನ ವಿನ್ಯಾಸದ ಆಯುಷ್ಯ 30 ವರ್ಷ, ಡಾಂಬರಿನದು 20. ನಡುವೆ ಡಾಂಬರನ್ನು ಎಷ್ಟೋ ಸಲ ಮತ್ತೆ ಹೊದಿಸಬೇಕು. ಆಗ ಕಾಂಕ್ರೀಟಿನವರು ನಗುತ್ತಾರೆ. ಅವರಿಗೂ ಒಂದು ಮಾತು: ಬೆಂಗಳೂರಿನ ಯಾವುದಾದರೂ ಕಾಂಕ್ರೀಟು ಹೊದಿಸಿದ ವೈಟ್‌ಟಾಪಿಂಗ್ ರಸ್ತೆಯಲ್ಲಿ ನೀರಿನ ಪೈಪಿಗೆಂದು ಕೊರೆದ ಗುಂಡಿಯ ಪಕ್ಕ ನಿಂತು 630 ಟನ್ನನ್ನು ಮೂವತ್ತರಿಂದ ಭಾಗಿಸಬೇಕೋ ಮೂರರಿಂದಲೋ ಎಂದು ಕೇಳಿಕೊಳ್ಳಿ.

ಇನ್ನು ರಸ್ತೆಯ ಮೇಲೆ ವಾಹನ ಬಿಡಿ. ದಿನಕ್ಕೆ 10,000 ವಾಹನ, ಬೈಕಿನಿಂದ ಲಾರಿಯವರೆಗೆ ಸರಾಸರಿ ಲೀಟರಿಗೆ 10 ಕಿ.ಮೀ. ಎನ್ನಿ. ಒಂದು ಕಿಲೋಮೀಟರಿನಲ್ಲಿ ದಿನಕ್ಕೆ 1,000 ಲೀಟರ್, ಎರಡೂವರೆ ಟನ್ ಇಂಗಾಲದ ಡೈಆಕ್ಸೈಡ್. ನಾವು ಇಷ್ಟು ಹೊತ್ತು ತಲೆ ಕೆಡಿಸಿಕೊಂಡ ಸಿಮೆಂಟಿನ ಅಷ್ಟೂ ಹೊಗೆಯನ್ನು ಓಡಾಟ ಎಂಟೂವರೆ ತಿಂಗಳಲ್ಲಿ ಮೀರಿಸುತ್ತದೆ. ನಯವಾದ ರಸ್ತೆಯಲ್ಲಿ ಇಂಧನ ಉಳಿಯುತ್ತದೆ ಎಂದು ಕಾಮಗಾರಿಯವರು ಈ ಅಂಕಿಯನ್ನು ತಮ್ಮ ಪರವಾಗಿ ತೋರಿಸುತ್ತಾರೆ. ಅಗಲವಾದ ರಸ್ತೆ ಹೊಸ ವಾಹನಗಳನ್ನು ಕರೆಯುತ್ತದೆ ಎಂದು ವಿರೋಧಿಸುವವರು ಅದೇ ಅಂಕಿಯನ್ನು ತೋರಿಸುತ್ತಾರೆ. ಟೇಪಿನ ತುದಿಯನ್ನು ಕ್ವಾರಿಯಲ್ಲಿ ಇಟ್ಟೆವೋ, ಕಾರ್ಖಾನೆಯಲ್ಲೋ, ಸೈಲೆನ್ಸರಿನಲ್ಲೋ ಎಂಬುದರ ಮೇಲೆ ಉತ್ತರ ನಿಂತಿದೆ. ಆದ್ದರಿಂದ ಯಾರಾದರೂ ‘ಈ ಹೆದ್ದಾರಿ ಇಷ್ಟು ಹಸಿರು’ ಎಂದರೆ ಸಂಖ್ಯೆ ಎಷ್ಟು ಎಂದು ಕೇಳಬೇಡಿ, ಟೇಪು ಎಲ್ಲಿಂದ ಎಲ್ಲಿಗೆ ಎಂದು ಮೊದಲು ಕೇಳಿ.

ಆಯುಷ್ಯದ ವಿಷಯದಲ್ಲಿ ಇನ್ನೊಂದು ಮಾತು. 1958ರಿಂದ 60ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾದಲ್ಲಿ ನಡೆದ ಆಶೋ ರಸ್ತೆ ಪರೀಕ್ಷೆಯಿಂದ ಬಂದ ಸೂತ್ರ ಸಿವಿಲ್ ವಿದ್ಯಾರ್ಥಿಗಳಿಗೆ ಬಾಯಿಪಾಠ: ಅಚ್ಚಿನ ಭಾರ ಏರಿದಂತೆ ರಸ್ತೆಗಾಗುವ ಹಾನಿ ಅದರ ನಾಲ್ಕನೇ ಘಾತದಲ್ಲಿ ಏರುತ್ತದೆ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಲಾರಿಯ ಹಿಂದಿನ ನಾಲ್ಕು ಚಕ್ರದ ಅಚ್ಚಿನ ಕಾನೂನುಬದ್ಧ ಭಾರವನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಭಾರ ಏರಿದ್ದು ಶೇ 13ರಷ್ಟು. ನಾಲ್ಕನೇ ಘಾತಕ್ಕೆ ಏರಿಸಿ ನೋಡಿ, ಆ ಅಚ್ಚಿನಿಂದ ಆಗುವ ಹಾನಿ ಶೇ 60ಕ್ಕೂ ಹೆಚ್ಚು ಏರುತ್ತದೆ. ಕಾನೂನು ಮೀರಿ ಹೇರುವುದು ಬೇರೆ. ಗ್ರೀನ್‌ರೋಡ್ಸ್‌ನ ಆ ಮೊದಲ ಆವೃತ್ತಿಗಳಲ್ಲಿ ದೀರ್ಘಾಯುಷ್ಯದ ಹೊದಿಕೆಗೆ 5 ಅಂಕ. ಆ ಐದನ್ನು ಒಂದು ಗೆಜೆಟ್ ಹಾಳೆ ನುಂಗಿಹಾಕಬಲ್ಲದು. ಅದೇ ಹೊತ್ತಿಗೆ, ಅಷ್ಟೇ ಸರಕಿಗೆ ಲಾರಿಗಳ ಟ್ರಿಪ್ಪು ಕಡಿಮೆಯಾಗಿ ಡೀಸೆಲ್ ಉಳಿಯುತ್ತದೆ ಎಂಬುದೂ ನಿಜ. ಯಾವ ಟೇಪು, ಎಲ್ಲಿಂದ ಎಲ್ಲಿಗೆ?

ಟೇಪನ್ನು ತುಂಡು ಮಾಡುವ ವಿದ್ಯೆಯೂ ನಮ್ಮಲ್ಲಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ 30 ಕಿ.ಮೀ. ಮೀರಿದ ಹೆದ್ದಾರಿ ವಿಸ್ತರಣೆಗಳು ಪರಿಶೀಲನೆಯ ವ್ಯಾಪ್ತಿಗೆ ಬರುತ್ತಿದ್ದವು. 2013ರ ತಿದ್ದುಪಡಿಯಲ್ಲಿ ಅದು 100 ಕಿ.ಮೀ. ಆಯಿತು. ಅಗಲದ ಷರತ್ತುಗಳೂ ಸಡಿಲಾದವು. ಉತ್ತರಾಖಂಡದ ಚಾರ್‌ಧಾಮ್ ರಸ್ತೆ ಒಟ್ಟು ಸುಮಾರು 889 ಕಿ.ಮೀ. ಅದನ್ನು 53 ಕಾಮಗಾರಿಗಳಾಗಿ ಒಡೆದಾಗ ಯಾವ ತುಂಡೂ ನೂರು ಮುಟ್ಟಲಿಲ್ಲ. ಹಿಮಾಲಯದ ಇಳಿಜಾರಿಗೆ ಪ್ಯಾಕೇಜ್ ನಂಬರು ಗೊತ್ತಿಲ್ಲ. ನಾನೂ ಪ್ಯಾಕೇಜುಗಳನ್ನು ಒಡೆದವನೇ, ಟೆಂಡರಿನ ಮಿತಿಗೆಂದು. ಈ ಕಲೆಯನ್ನು ದೂರದಿಂದ ಟೀಕಿಸುವ ಹಕ್ಕು ನನಗಿಲ್ಲ, ಹತ್ತಿರದಿಂದ ಇದೆ.

ನಮ್ಮದೇ ಇಳಿಜಾರಿಗೆ ಬರೋಣ. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿತ್ತು. ರಸ್ತೆ ಬದಿಯ ಚಹಾದಂಗಡಿ, ನಿಂತಿದ್ದ ವಾಹನಗಳು, ಜನ ಮಣ್ಣಿನೊಂದಿಗೆ ಗಂಗಾವಳಿ ನದಿಗೆ ಹೋದರು. ಒಂದು ಲಾರಿಯನ್ನು ನದಿಯ ತಳದಿಂದ ಎತ್ತಿದ್ದು ಎಪ್ಪತ್ತು ದಿನ ಕಳೆದ ಮೇಲೆ. ನದಿಗೆ ಬಿದ್ದ ಮಣ್ಣಿನ ಹೊಡೆತಕ್ಕೆ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳನ್ನು ಕೆಡವಿತು. ಹೆದ್ದಾರಿ ಇರುವ ದಡದಲ್ಲೇ ಇಲ್ಲದ ಊರು ಅದು.

ಅಂದು ಬಿದ್ದ ಮಳೆ ಸಾಮಾನ್ಯದ್ದಲ್ಲ. ಒಂದೇ ಕಾರಣ ಹುಡುಕಿ ಒಬ್ಬರ ಕುತ್ತಿಗೆಗೆ ಕಟ್ಟುವುದು ನನ್ನ ಉದ್ದೇಶವಲ್ಲ. ಗುಡ್ಡ ಕೊರೆಯುವ ಲೆಕ್ಕ ಮಾತ್ರ ಹೇಳುತ್ತೇನೆ. ಕರಾವಳಿಯ ಗುಡ್ಡಗಳಲ್ಲಿ ಮೇಲೆ ಮುರಕಲ್ಲು, ಅದರ ಕೆಳಗೆ ಎಷ್ಟೋ ಕಡೆ ಶೇಡಿ ಮಣ್ಣು. ಒಣಗಿದ್ದಾಗ ಗುದ್ದಲಿಗೂ ಜಗ್ಗದೆ ಗೋಡೆಯ ಹಾಗೆ ನಿಲ್ಲುತ್ತದೆ. ನೀರು ಕುಡಿದರೆ ಬೆರಳಿನಲ್ಲಿ ಹಿಸುಕಿದಾಗ ಬೆಣ್ಣೆ. ಬೇಸಿಗೆಯಲ್ಲಿ ಕೊರೆದವನಿಗೆ ಅದು ಮೋಸ ಮಾಡುತ್ತದೆ. ಈಗ 20 ಮೀ. ಎತ್ತರದ ಕೊರೆತವೊಂದನ್ನು ಊಹಿಸಿ. ಒಂದಕ್ಕೆ ಒಂದರ ಇಳಿಜಾರು ಕೊಟ್ಟರೆ ಗುಡ್ಡದ ಕಡೆಗೆ 20 ಮೀ. ಜಾಗ ಬೇಕು. ನಾಲ್ಕಕ್ಕೆ ಒಂದರಂತೆ ಕಡಿದಾಗಿ ನಿಲ್ಲಿಸಿದರೆ 5 ಮೀ. ಸಾಕು. ಕಿಲೋಮೀಟರಿಗೆ ಒಂದೂವರೆ ಹೆಕ್ಟೇರ್ ಜಾಗ ಉಳಿಯಿತು. ಒಂದೂವರೆ ಲಕ್ಷ ಘನ ಮೀಟರ್ ಮಣ್ಣು ಅಗೆಯುವುದು ತಪ್ಪಿತು. ಅಷ್ಟು ಕಾಡು ಉಳಿಯಿತು, ಅಷ್ಟು ಟಿಪ್ಪರ್ ಓಡಲಿಲ್ಲ, ಅಷ್ಟು ಹೊಗೆ ಏಳಲಿಲ್ಲ.

ಗಮನಿಸಿದಿರಾ? ಯಾವ ಹಸಿರು ಪಟ್ಟಿ ಹಿಡಿದು ಅಳೆದರೂ, ಕೆಲಸ ಮುಗಿದ ದಿನ ಕಡಿದಾದ ಕೊರೆತಕ್ಕೇ ಹೆಚ್ಚು ಅಂಕ ಬರುತ್ತದೆ. ಅದು ಬೀಳುವ ತನಕ. ಬಿದ್ದ ಮೇಲೆ ತೆರವಿನ ಖರ್ಚು ಪ್ರಕೃತಿ ವಿಕೋಪದ ಲೆಕ್ಕಶೀರ್ಷಿಕೆಗೆ ಹೋಗುತ್ತದೆ, ರಸ್ತೆಯ ಲೆಕ್ಕಕ್ಕಲ್ಲ. ಶಿರಾಡಿ ಘಾಟಿಯಲ್ಲಿ ದೊಡ್ಡತಪ್ಪಲಿನ ಹತ್ತಿರ ಮಳೆಗಾಲದಲ್ಲಿ ಗುಡ್ಡ ಜಾರಿ ಸಂಚಾರ ನಿಂತಾಗಲೂ ಹೀಗೇ. ಸಕಲೇಶಪುರದಲ್ಲಿ ಸಾಲುಗಟ್ಟಿದ ಲಾರಿಗಳು ಸುಟ್ಟ ಡೀಸೆಲ್ಲನ್ನು, ಚಾರ್ಮಾಡಿಗೋ ಬಿಸಿಲೆಗೋ ಸುತ್ತಿದ ಬಸ್ಸುಗಳ ಕಿಲೋಮೀಟರನ್ನು ಯಾರೂ ಆ ಕೊರೆತದ ಹೆಸರಿಗೆ ಬರೆಯುವುದಿಲ್ಲ. ಕೊರೆತದ ಇಳಿಜಾರನ್ನು ಅಳೆದು ಎಂ.ಬಿ.ಗೆ ಬರೆದವನು ಆ ಹೊತ್ತಿಗೆ ವರ್ಗವಾಗಿರುತ್ತಾನೆ.

ಮರಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಲ್ಲರೂ ಹೇಳುತ್ತಾರೆ. 2015ರ ರಾಷ್ಟ್ರೀಯ ಹಸಿರು ಹೆದ್ದಾರಿ ನೀತಿಯಲ್ಲಿ ಯೋಜನಾ ವೆಚ್ಚದ ಶೇ 1ರಷ್ಟನ್ನು ನೆಡುವುದಕ್ಕೆ, ಸ್ಥಳಾಂತರಕ್ಕೆ, ಪೋಷಣೆಗೆ ಇಡಬೇಕೆಂದಿದೆ. ಒಳ್ಳೆಯದೇ. ಆದರೆ ಬಯಲುಸೀಮೆಯ ಹಳೆಯ ರಸ್ತೆಗಳ ಹುಣಸೆ ಸಾಲು ನನಗೆ ನೆನಪಾಗುತ್ತದೆ. ವರ್ಷಾವರ್ಷ ಅದರ ಫಸಲಿನ ಹರಾಜು ನಡೆಯುತ್ತಿತ್ತು. ರಸ್ತೆಯ ಮರ ಸರ್ಕಾರದ ಪುಸ್ತಕದಲ್ಲಿ ವರಮಾನದ ಬಾಬತ್ತಾಗಿ ಬದುಕಿತ್ತು. ಅಗಲೀಕರಣ ಬಂದಾಗ ಅದೇ ಮರದ ಎದೆಯೆತ್ತರಕ್ಕೆ ಟೇಪು ಸುತ್ತಿ, ಕೆಂಪು ಬಣ್ಣದಲ್ಲಿ ನಂಬರು ಬರೆದು, ಸೌದೆ ಎಷ್ಟು ಟನ್ ಎಂದು ಬರೆದೆವು. ಕಡಿದ ಒಂದಕ್ಕೆ ನೆಟ್ಟ ಹತ್ತು ಎಂದು ಲೆಕ್ಕ ಸರಿಹೊಂದಿಸಿದೆವು. ಹಸುಗಳು ಮೇಯುವ ಎತ್ತರದ ಹತ್ತು ಗಿಡಗಳ ನೆರಳಲ್ಲಿ ಒಬ್ಬ ಹೂ ಮಾರುವವಳೂ ಕೂರಲಾರಳು.

ಹಾಗಾದರೆ ಅಳೆಯುವುದೇ ಬೇಡವೇ? ಅಳೆಯಲೇಬೇಕು. ಜೀವನವಿಡೀ ಟೇಪು ಹಿಡಿದವನು ಬೇರೆ ಏನು ಹೇಳಿಯಾನು. ನನಗೆ ಹಿಡಿಸಿದ ಎರಡು ರೀತಿಗಳನ್ನು ಹೇಳುತ್ತೇನೆ.

ಒಂದು ನೆದರ್‌ಲೆಂಡ್ಸಿನದು. ಅಲ್ಲಿನ ಹೆದ್ದಾರಿ, ಕಾಲುವೆಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ರೈಕ್ಸ್‌ವಾಟರ್‌ಸ್ಟಾಟ್ ಅಂಕ ಕೊಡುವುದಿಲ್ಲ, ದುಡ್ಡು ಕಟ್ಟುತ್ತದೆ. ಸಾಮಗ್ರಿ ತೆಗೆಯುವುದರಿಂದ ಹಿಡಿದು ರಸ್ತೆ ಕಿತ್ತುಹಾಕುವವರೆಗಿನ ಪರಿಸರ ಹಾನಿಯನ್ನು ‘ಡ್ಯೂಬೊಕ್ಯಾಲ್ಕ್’ ಎಂಬ ತಂತ್ರಾಂಶದಲ್ಲಿ ಯೂರೋಗೆ ಪರಿವರ್ತಿಸುತ್ತಾರೆ. ಒಂದು ಕಿಲೋ ಇಂಗಾಲದ ಡೈಆಕ್ಸೈಡಿಗೆ ಬಹುಕಾಲ ಐದು ಸೆಂಟು ಹಿಡಿದಂತೆ ಪ್ರತಿ ಹಾನಿಗೂ ಒಂದು ನೆರಳು ಬೆಲೆ. ಟೆಂಡರಿನಲ್ಲಿ ಯಾರ ಹಾನಿ ಕಡಿಮೆಯೋ ಅವರ ದರವನ್ನು ಹೋಲಿಕೆಗೆ ಮಾತ್ರ ಅಷ್ಟು ತಗ್ಗಿಸಿ ನೋಡುತ್ತಾರೆ. ಹೇಳಿದಷ್ಟು ಮಾಡಿ ತೋರಿಸದಿದ್ದರೆ ದಂಡ. ನಮ್ಮಲ್ಲಿ ಎಲ್-1 ಎಂದರೆ ಎಲ್-1, ಕಡಿಮೆ ದರ ಹಾಕಿದವನಿಗೆ ಕೆಲಸ. ಹಸಿರಿನ ಮಾತೆಲ್ಲ ಟೆಂಡರಾದ ಮೇಲೆ ಬೋರ್ಡಿಗೆ ಬರುತ್ತದೆ. ಡಚ್ಚರ ಪದ್ಧತಿಯಲ್ಲೂ ಗುಡ್ಡ, ಆನೆ ಸರಿಯಾಗಿ ಹಿಡಿಯುವುದಿಲ್ಲ. ಅವರಿಗೆ ಗುಡ್ಡವೂ ಇಲ್ಲ, ಆನೆಯೂ ಇಲ್ಲ. ಆದರೆ ಕಳೆಯುವುದು ಅವರಿಗೆ ಗೊತ್ತಿದೆ.

ಇನ್ನೊಂದು ನಮ್ಮ ದೇಶದ್ದೇ. ಮಧ್ಯಪ್ರದೇಶ, ಮಹಾರಾಷ್ಟ್ರದ ಗಡಿಯಲ್ಲಿ ಪೆಂಚ್ ಕಾಡಿನ ನಡುವೆ ರಾಷ್ಟ್ರೀಯ ಹೆದ್ದಾರಿ 44ನ್ನು ಅಗಲ ಮಾಡುವಾಗ ನ್ಯಾಯಾಲಯದ ಮೆಟ್ಟಿಲು ಹತ್ತಿ ಇಳಿದು ಕೊನೆಗೆ ಪ್ರಾಣಿಗಳು ದಾಟಲು ಒಂಬತ್ತು ಕೆಳದಾರಿ, ಕಿರುಸೇತುವೆಗಳನ್ನು ಕಟ್ಟಿದರು. ಚಿಕ್ಕದು 50 ಮೀ., ದೊಡ್ಡದು 750 ಮೀ. ಕಟ್ಟಿ ಫೋಟೊ ತೆಗೆಸಿಕೊಂಡು ಸುಮ್ಮನಾಗಲಿಲ್ಲ ಎನ್ನುವುದು ಮುಖ್ಯ. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ 2019ರಲ್ಲಿ ತಿಂಗಳುಗಟ್ಟಲೆ ಅಲ್ಲಿ ಕ್ಯಾಮೆರಾ ಇಟ್ಟು ಎಣಿಸಿತು. 18 ಜಾತಿಯ ಪ್ರಾಣಿಗಳು ದಾಟಿದ್ದವು, ಹುಲಿಯೂ. ಕಾಮಗಾರಿ ಮುಗಿದ ಮೇಲೆ, ಬಿಲ್ಲು ಆದ ಮೇಲೆ, ರಿಬ್ಬನ್ ಕತ್ತರಿಸಿದ ಮೇಲೆ ಅಳತೆ ಶುರುವಾದದ್ದು ನನ್ನ ಸೇವಾವಧಿಯಲ್ಲಿ ನಾನು ಕಾಣದ ಸಂಗತಿ. ನಮ್ಮಲ್ಲಿ ಡಿಫೆಕ್ಟ್ ಲಯಬಿಲಿಟಿ ಅವಧಿಯಲ್ಲಿ, ಅಂದರೆ ದೋಷಕ್ಕೆ ಗುತ್ತಿಗೆದಾರನೇ ಹೊಣೆಯಾಗಿರುವಾಗ, ನೋಡುವುದು ಗುಂಡಿ ಬಿತ್ತೇ ಎಂದು ಮಾತ್ರ.

ಕೆಲಸ ಮುಗಿದ ಮೇಲೆ ಅಳೆಯುವ ಈ ಮಾತನ್ನು ನನಗೆ ನಾನೇ ಅನ್ವಯಿಸಿಕೊಂಡ ಒಂದು ಸಣ್ಣ ಕಥೆ ಹೇಳಿ ಮುಗಿಸುತ್ತೇನೆ. ಮಲೆನಾಡಿನ ಒಂದು ಊರಿನ ಹತ್ತಿರ ನಾನು ಜೂನಿಯರ್ ಎಂಜಿನಿಯರ್ ಆಗಿದ್ದಾಗ ಕಟ್ಟಿಸಿದ ಪೈಪ್ ಮೋರಿಯೊಂದಿದೆ. ಎರಡು ವರ್ಷದ ಹಿಂದೆ ಮದುವೆಗೆ ಹೋದವನು ಅಲ್ಲಿ ಕಾರು ನಿಲ್ಲಿಸಿದೆ. ಮೋರಿ ಗಟ್ಟಿಯಾಗಿದೆ, ಒಂದು ಬಿರುಕಿಲ್ಲ, ನನಗೆ ಖುಷಿಯಾಯಿತು. ಮೇಲಿನ ಗದ್ದೆಯ ಯಜಮಾನರು ಬಂದರು. ನಾನು ಯಾರೆಂದು ಹೇಳಿದೆ. “ಓ, ನೀವೇನಾ ಸಾರ್,” ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದು, “ಪೈಪು ಒಂದು ಗೇಣು ಮೇಲಾಯ್ತು ಸಾರ್. ಆವಾಗಿಂದ ಮೇಲಿನ ಎರಡು ಕೊಯ್ಲು ಗದ್ದೆ ನೀರು ಬಿಟ್ಕೊಡಲ್ಲ. ನಾಟಿ ಮಾಡೋದು ನಿಲ್ಸಿ ಇಪ್ಪತ್ತು ವರ್ಷ ಆಯ್ತು,” ಎಂದರು. ಬೈಯಲಿಲ್ಲ. ಒಳಗೆ ಕರೆದು ಕಾಫಿ ಕೊಟ್ಟರು.

ಅವರು ಹೇಳಿದ್ದು ನಿಜವೇ ಎಂದು ಮರುವಾರ ಮಟ್ಟ ನೋಡುವ ಡಂಪಿ ಲೆವೆಲ್ ಬಾಡಿಗೆಗೆ ತಂದು ನೋಡಿದೆ. ಪೈಪಿನ ತಳ ಹಳ್ಳದ ತಳಕ್ಕಿಂತ ಮೇಲಿತ್ತು. ಅವರ ಗೇಣು ನನ್ನ ಅಳತೆಗೋಲಿನಲ್ಲಿ 21 ಸೆಂ.ಮೀ. ಬಂತು. ಅಂದು ನಾನು ಬರೆದ ಎಂ.ಬಿ.ಯಲ್ಲಿ ಪೈಪಿನ ಸಂಖ್ಯೆ, ಉದ್ದ, ಕಾಂಕ್ರೀಟಿನ ಪರಿಮಾಣ ಎಲ್ಲ ಸರಿಯೇ ಇದ್ದಿರಬೇಕು. ಮೇಲಧಿಕಾರಿ ಚೆಕ್ ಮಾಡಿ ಹಸಿರು ಶಾಯಿಯಲ್ಲಿ ಸಹಿ ಹಾಕಿದ್ದರು. ಆ ಗದ್ದೆಗಳನ್ನು ಟೇಪು ಹಿಡಿದು ಅಳೆದೆ. ಯಜಮಾನರ ಮೊಮ್ಮಗ ಇನ್ನೊಂದು ತುದಿ ಹಿಡಿದ. ಮನೆಗೆ ಬಂದು ಒಂದು ನೋಟ್‌ಬುಕ್ಕಿನಲ್ಲಿ ಎಂ.ಬಿ.ಯ ಗೀಟುಗಳನ್ನೇ ಹಾಕಿ, ಉದ್ದ, ಅಗಲ, ವಿಸ್ತೀರ್ಣ ಬರೆದೆ. ಕಡೆಗೆ ‘ಡಿಡಕ್ಟ್’ ಎಂದು ಬರೆದೆ. ಮುಂದಿನ ಬೇಸಿಗೆಯಲ್ಲಿ ಪೈಪು ಇಳಿಸಲು ಈಗಿನ ಎಂಜಿನಿಯರಿಗೆ ಅರ್ಜಿ ಕೊಟ್ಟಿದ್ದೇವೆ, ಅರ್ಜಿದಾರರ ಜಾಗದಲ್ಲಿ ಯಜಮಾನರ ಸಹಿಯ ಕೆಳಗೆ ನನ್ನದೂ ಇದೆ.